ಅಕ್ಕನ ತಟ್ಟೆಯಲ್ಲಿ ಇಳಿದ ಅಂಕಿ

ಭಾವನವರೇ, ಅಕ್ಕನ ಮಗಳೇ, ನಮ್ಮ ಪ್ರಯೋಗಾಲಯದ ಮುಖ್ಯಸ್ಥರೇ, ಪಾಳಿ ಬದಲಾಯಿಸಿಕೊಂಡು, ಕೆಲಸ ಅರ್ಧಕ್ಕೆ ಬಿಟ್ಟು ಬಂದು ಕೂತಿರುವ ಗೆಳೆಯರೇ — ಎಲ್ಲರಿಗೂ ನಮಸ್ಕಾರ. ಬಾಗಿಲ ಹತ್ತಿರ ನಿಂತಿರುವವರು ದಯವಿಟ್ಟು ಒಳಗೆ ಬನ್ನಿ. ಮುಂದೆ ಕುರ್ಚಿಗಳು ಖಾಲಿ ಇವೆ. ಇಂಥ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ, ಗೊತ್ತು. ನನಗೂ ಇವತ್ತು ಇಲ್ಲಿ ನಿಲ್ಲುವುದಕ್ಕೆ ಮನಸ್ಸಿಲ್ಲ.

ನನ್ನ ಪರಿಚಯ ಇಲ್ಲದವರಿಗೆ ಒಂದು ಮಾತು. ನಾನು ಅಕ್ಕನ ಎದುರು ಮೇಜಿನವನು. ನಮ್ಮಿಬ್ಬರದೂ ಒಂದೇ ಕೋಣೆ, ಒಂದೇ ಕಿಟಕಿ, ಒಂದೇ ಕೆಲಸ. ಅವರು ಕಲಿಸಿದರು, ನಾನು ಕಲಿತೆ — ಕಲಿತೆ ಅಂದುಕೊಂಡಿದ್ದೆ. ಅವರನ್ನು ಈ ಕಟ್ಟಡದಲ್ಲಿ ಹೆಸರು ಹಿಡಿದು ಕರೆದವರೇ ಇಲ್ಲ. ಅವರಿಗಿಂತ ದೊಡ್ಡವರೂ ಅಕ್ಕ ಅಂತಲೇ ಕರೆಯುತ್ತಿದ್ದರು. ಅವರು ಅಕ್ಕ ಆದಮೇಲೆ ಅವರ ಯಜಮಾನರು ನಮಗೆಲ್ಲ ಭಾವ ಆಗಲೇಬೇಕಲ್ಲ. ಪಾಪ, ಬೀಗ ರಿಪೇರಿ ಅಂಗಡಿ ಇಟ್ಟುಕೊಂಡು ತಮ್ಮ ಪಾಡಿಗೆ ತಾವಿದ್ದ ಮನುಷ್ಯರಿಗೆ ಒಂದು ಕಟ್ಟಡದ ತುಂಬ ಭಾವಮೈದುನರು ಹುಟ್ಟಿಕೊಂಡರು. ನಮ್ಮ ಬೀರುಗಳ ಕೀಲಿ ಕಳೆದಾಗಲೆಲ್ಲ ನಾವು ಅವರನ್ನೇ ಕಾಡಿದ್ದೇವೆ.

ಮುಖ್ಯಸ್ಥರು ನನಗೆ ಹೇಳಿದ್ದು ಇಷ್ಟೇ — "ಐದು ನಿಮಿಷ ಮಾತಾಡಿ, ಅಕ್ಕನ ಗುಣ ಹೇಳಿ, ಕೊನೆಗೆ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ." ಆಯ್ತು ಸಾರ್. ಗುಣ ಹೇಳುತ್ತೇನೆ. ಆದರೆ ಐದು ನಿಮಿಷದಲ್ಲಿ ಮುಗಿಯುವುದಿಲ್ಲ. ಗುಣದ ಜೊತೆಗೆ ಇನ್ನೊಂದು ವಿಷಯ ಇದೆ, ಅದು ನನ್ನದು. ಅದನ್ನು ಹೇಳದೆ ಇಳಿದು ಹೋದರೆ ನನಗೆ ಈ ಕಟ್ಟಡದಲ್ಲಿ ತಲೆ ಎತ್ತಿ ಓಡಾಡಲು ಆಗುವುದಿಲ್ಲ.

ಮೊದಲು ಕೆಲಸದ ಮಾತು. ಅಕ್ಕನ ಮನೆಯ ಕಡೆಯವರು ಬಂದಿದ್ದೀರಿ. ಅಷ್ಟು ವರ್ಷ ಆಕೆ ದಿನಾ ಬೆಳಿಗ್ಗೆ ಎದ್ದು ಹೋಗಿ ಮಾಡುತ್ತಿದ್ದದ್ದು ಏನು ಅಂತ ನಿಮಗೆ ಗೊತ್ತಿರಲಿ.

ನೀರಿನ ಮೇಲ್ಮೈಗೆ ಒಂದು ಬಿಗಿ ಇರುತ್ತದೆ. ಲೋಟದ ಅಂಚಿಗಿಂತ ಒಂದು ಕೂದಲೆಳೆ ಮೇಲೆ ನೀರು ನಿಂತರೂ ಚೆಲ್ಲುವುದಿಲ್ಲ, ನೋಡಿರುತ್ತೀರಿ. ಆ ಬಿಗಿಯನ್ನು ಅಳೆಯುವುದು ನಮ್ಮ ಕೆಲಸ. ಒಂದು ಸಣ್ಣ ಉಂಗುರ — ಪ್ಲಾಟಿನಂ ತಂತಿಯದು, ಇಷ್ಟೇ ಇಷ್ಟು — ಅದನ್ನು ತಕ್ಕಡಿಗೆ ನೇತುಹಾಕುತ್ತೇವೆ. ಕೆಳಗೆ ಗಾಜಿನ ತಟ್ಟೆಯಲ್ಲಿ ನೀರು. ಉಂಗುರ ನೀರನ್ನು ಮುಟ್ಟುತ್ತದೆ. ಆಮೇಲೆ ತಟ್ಟೆಯನ್ನು ಮೆಲ್ಲಗೆ, ಬಹಳ ಮೆಲ್ಲಗೆ ಕೆಳಗಿಳಿಸಬೇಕು. ನೀರು ಉಂಗುರವನ್ನು ಬಿಡುವುದಿಲ್ಲ, ತಾನೂ ಮೇಲೇಳುತ್ತದೆ. ಬಿಡುವ ಮುಂಚೆ ಎಷ್ಟು ಜೋರಾಗಿ ಹಿಡಿದಿತ್ತು ಅನ್ನುವುದೇ ಅಳತೆ. ಶುದ್ಧ ನೀರಾದರೆ ಎಪ್ಪತ್ತೆರಡು ಚಿಲ್ಲರೆ. ನೀರಿಗೆ ಒಂದು ಪದಾರ್ಥ ಬೆರೆಸಿದಾಗ ಆ ಅಂಕಿ ಇಳಿಯಬಹುದು. ಅರವತ್ತಕ್ಕಿಂತ ಕೆಳಗಿಳಿದರೆ ಆ ಪದಾರ್ಥ ನೀರಿನ ಮೇಲ್ಮೈಯನ್ನು ಸಡಿಲಿಸುವ ಜಾತಿಯದು, ಸೋಪಿನ ದಾಯಾದಿ ಅಂತ ಬರೆದು ಕೊಡುತ್ತೇವೆ. ಆಗ ಅದನ್ನು ಮಾಡಿದ ಕಾರ್ಖಾನೆಯವರು ಇನ್ನೂ ಹತ್ತು ಪರೀಕ್ಷೆ ಮಾಡಿಸಬೇಕು, ಡಬ್ಬದ ಮೇಲೆ ಎಚ್ಚರಿಕೆ ಹಾಕಬೇಕು. ಇಳಿಯದಿದ್ದರೆ ಅವರು ಬಚಾವ್. ಇಷ್ಟೇ ಕೆಲಸ.

ಇಷ್ಟೇ ಅಂತ ಹೇಳುವುದು ಸುಲಭ. ಇದರಲ್ಲಿ ಕೊಳೆಯ ಕಾಟ ಬಹಳ. ಕಣ್ಣಿಗೆ ಕಾಣದಷ್ಟು ಜಿಡ್ಡು ಸಾಕು, ಅಂಕಿ ಕೆಟ್ಟುಹೋಗುತ್ತದೆ. "ಮನುಷ್ಯನ ಬೆರಳಿಗಿಂತ ಗಲೀಜು ಇನ್ನೊಂದಿಲ್ಲ" — ಇದು ಅಕ್ಕನ ಮಾತು. ಕೋಣೆಗೆ ಬಂದವರನ್ನು ಮೊದಲು ಕೈ ಹಿಂದೆ ಕಟ್ಟಿಸಿ ನಿಲ್ಲಿಸುತ್ತಿದ್ದರು. ಒಂದು ಸಲ ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯೊಬ್ಬರು "ಇದೇನಾ ನಿಮ್ಮ ಉಂಗುರ" ಅಂತ ಬೆರಳು ಚಾಚಿದರು. ಅಕ್ಕ ಅವರ ಮಣಿಕಟ್ಟು ಹಿಡಿದುಕೊಂಡುಬಿಟ್ಟರು. ಹೀಗೆ. ಬಿಡಲೇ ಇಲ್ಲ. "ಸಾರ್, ನಿಮಗೆ ಮದುವೆ ಆಗಿದೆಯಲ್ಲ, ಆ ಉಂಗುರ ಮುಟ್ಕೊಳ್ಳಿ, ಇದು ಬೇಡ" ಅಂದರು. ಆ ಅಧಿಕಾರಿ ಕೆಂಪಗಾದರು. ನಮ್ಮ ಮುಖ್ಯಸ್ಥರು ಬೆಳ್ಳಗಾದರು.

ನಗಿ, ಪರವಾಗಿಲ್ಲ. ಮಗಳೂ ನಗುತ್ತಿದ್ದಾಳೆ. ಅವಳಿಗೆ ಮನೆಯಲ್ಲಿ ಇದಕ್ಕಿಂತ ಹೆಚ್ಚು ಆಗಿರಬೇಕು.

ಅಕ್ಕ ಸಾಧು ಸ್ವಭಾವದವರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ ಅಂತ ನನಗಿಂತ ಮೊದಲು ಮಾತಾಡಿದವರು ಹೇಳಿದರು. ನಾನು ಅಷ್ಟು ದೂರ ಹೋಗಲಾರೆ. ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಬಿಸ್ಕತ್ತಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು — ಬೀಗಕ್ಕೇನು, ಮನೆಯಲ್ಲೇ ಕಾರ್ಖಾನೆ. ತಾವು ಮಾಡಿದ ಅಳತೆಯೇ ಅಳತೆ ಅನ್ನುವ ಜಂಬವೂ ಇತ್ತು. ನಮ್ಮ ಮುಖ್ಯಸ್ಥರಿಗೆ "ಆಯ್ತಾ ಸಾರ್" ಅಂತ ಹೆಸರಿಟ್ಟವರು ಅವರೇ, ಯಾಕೆಂದರೆ ಇವರು ಬಾಗಿಲಿಂದ ತಲೆ ಹಾಕಿ "ಆಯ್ತಾ? ಆಯ್ತಾ?" ಅಂತ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದರು. ಕ್ಷಮಿಸಿ ಸಾರ್. ನಿಮಗೆ ಗೊತ್ತಿರಲಿಲ್ಲ ಅಂತ ಈಗ ಗೊತ್ತಾಗುತ್ತಿದೆ.

ಆದರೆ ಅಕ್ಕ ಕಾಯುತ್ತಿದ್ದರು. ಯಾರು ಎಷ್ಟೇ ಅವಸರ ಮಾಡಲಿ, ಅವರು ಕಾಯುತ್ತಿದ್ದರು. ಕೆಲವು ಪದಾರ್ಥಗಳು ನೀರಿನ ಮೇಲ್ಮೈಗೆ ಬಂದು ಸೇರುವುದಕ್ಕೆ ಹೊತ್ತು ತೆಗೆದುಕೊಳ್ಳುತ್ತವೆ. ಮೊದಲ ಅಳತೆ ಒಂದು ಬರುತ್ತದೆ, ಮಧ್ಯಾಹ್ನದ್ದು ಇನ್ನೊಂದು. ಅಂಕಿ ಅಲ್ಲಾಡದೆ ನಿಲ್ಲುವವರೆಗೆ ಅಳೆಯುತ್ತಲೇ ಇರಬೇಕು. "ನೀರು ಇನ್ನೂ ಮಾತಾಡ್ತಾ ಇದೆ, ಮಧ್ಯೆ ಬಾಯಿ ಹಾಕಬೇಡ" ಅನ್ನುತ್ತಿದ್ದರು ನನಗೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

ಕೊನೆಯದಾಗಿ ಅವರ ಕೈಗೆ ಬಂದದ್ದು ಒಂದು ಬಿಳಿ ಪುಡಿ. ಹಣ್ಣು ತೊಳೆಯುವ ನೀರಿಗೆ ಬೆರೆಸುವಂಥದ್ದು. ಮೊದಲ ಸಲ ಅಳೆದಾಗ ಅರವತ್ತಾರು ಬಂತು. ಕಾದರು, ಮತ್ತೆ ಅರವತ್ತಾರು. ಗಟ್ಟಿಯಾಗಿ ನಿಂತಿತ್ತು. ಆದರೆ ಒಂದು ಅಳತೆಗೆ ನಾವು ಬರೆದು ಕೊಡುವುದಿಲ್ಲ, ಹೊಸದಾಗಿ ಕಲಸಿ ಮತ್ತೊಮ್ಮೆ ಮಾಡಬೇಕು. ತಟ್ಟೆಗಳನ್ನು ತೊಳೆಯಬೇಕು.

ತೊಳೆಯುವುದು ಅಂದರೆ — ಅದೇ ನಮ್ಮಲ್ಲಿ ದೊಡ್ಡ ಕೆಲಸ. ಆಮ್ಲದಲ್ಲಿ ನೆನೆಹಾಕಬೇಕು, ಬಿಸಿನೀರಲ್ಲಿ ತೊಳೆಯಬೇಕು, ಶುದ್ಧ ನೀರಲ್ಲಿ ಮತ್ತೆ ಮತ್ತೆ ಜಾಲಾಡಿಸಬೇಕು, ಮಗುಚಿ ಇಟ್ಟು ತಾನಾಗಿಯೇ ಒಣಗಲು ಬಿಡಬೇಕು. ಬಟ್ಟೆ ತಾಗಿಸುವ ಹಾಗಿಲ್ಲ. ಸೋಪಿನ ಹೆಸರೂ ಎತ್ತುವ ಹಾಗಿಲ್ಲ. ನೀರಿನ ಬಿಗಿ ಸಡಿಲಿಸುವುದೇ ಸೋಪಿನ ಕಸುಬು. ಅದರ ಒಂದು ಪಸೆ ಗಾಜಿಗೆ ಅಂಟಿಕೊಂಡಿದ್ದರೂ ಅದು ಮೆಲ್ಲಗೆ ನೀರಿಗೆ ಇಳಿಯುತ್ತದೆ, ಅಂಕಿಯನ್ನೂ ಇಳಿಸುತ್ತದೆ. ಇದು ನಮ್ಮಲ್ಲಿ ಮೊದಲ ದಿನ ಹೇಳಿಕೊಡುವ ಪಾಠ.

ಆ ಚಳಿಯ ದಿನಗಳಲ್ಲಿ ಅಕ್ಕ ಬೆಳಿಗ್ಗೆ ಬಂದ ತಕ್ಷಣ ಬೆರಳ ಗಂಟುಗಳನ್ನು ಉಜ್ಜಿಕೊಳ್ಳುವುದನ್ನು ನಾನು ನೋಡಿದ್ದೆ. ಹೀಗೆ, ಒಂದು ಕೈಯಿಂದ ಇನ್ನೊಂದನ್ನು. ಬಾಯಿಬಿಟ್ಟು ಏನೂ ಹೇಳಿದವರಲ್ಲ. ನೋವಿದೆಯಾ ಅಂತ ಕೇಳಿದ್ದರೆ ನನ್ನನ್ನೇ ಗದರುತ್ತಿದ್ದರು. ಹಾಗಾಗಿ ಒಂದು ಸಂಜೆ ಅವರು ಮನೆಗೆ ಹೊರಟಮೇಲೆ, ನೆನೆಹಾಕಿದ್ದ ಅವರ ತಟ್ಟೆಗಳನ್ನು ನಾನೇ ತೊಳೆದಿಡೋಣ ಅಂದುಕೊಂಡೆ. ಉದ್ದೇಶ ಒಳ್ಳೆಯದೇ ಇತ್ತು. ಅದನ್ನು ಹೇಳಿಕೊಂಡು ತಪ್ಪಿಸಿಕೊಳ್ಳುವುದಿಲ್ಲ, ಆದರೆ ಇತ್ತು.

ನಮ್ಮ ಕೋಣೆಯ ಬಿಸಿನೀರಿನ ನಲ್ಲಿ ಕೆಟ್ಟಿತ್ತು. ತಟ್ಟೆಗಳನ್ನು ಟ್ರೇಯಲ್ಲಿಟ್ಟುಕೊಂಡು ಚಹಾ ಕೋಣೆಯ ಸಿಂಕಿಗೆ ಹೋದೆ. ನನಗೂ ಮನೆಗೆ ಹೋಗುವ ಅವಸರ. ಅಲ್ಲಿ ಚಹಾ ಲೋಟ ತೊಳೆಯುವ ಹಸಿರು ಸೋಪು ಇತ್ತು, ಸ್ಪಂಜು ಇತ್ತು. ಒಂದು ಸಲ ಉಜ್ಜಿ ಆಮೇಲೆ ಚೆನ್ನಾಗಿ ಜಾಲಾಡಿಸಿದರೆ ಏನಾಗುತ್ತೆ ಅಂದುಕೊಂಡೆ. ಉಜ್ಜಿದೆ. ನೊರೆ ಹೋಗುವವರೆಗೂ ಜಾಲಾಡಿಸಿದೆ. ನೊರೆ ಹೋದರೆ ಸೋಪು ಹೋಯಿತು ಅಂದುಕೊಳ್ಳುವವನು ಹೋಟೆಲಿನಲ್ಲಿ ಕೆಲಸಕ್ಕಿರಬೇಕು. ಸಾಲದ್ದಕ್ಕೆ ಹೊಳೆಯಲಿ ಅಂತ ಬಟ್ಟೆಯಲ್ಲಿ ಒರೆಸಿ ಅವರ ಸ್ಟ್ಯಾಂಡಿನಲ್ಲಿ ಮಗುಚಿಟ್ಟೆ.

ಗೊತ್ತು, ನಮ್ಮ ಪ್ರಯೋಗಾಲಯದ ಹುಡುಗಿಯರು ಅಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ. ಉಳಿದವರಿಗೆ ಇದು ಪಾತ್ರೆ ತೊಳೆದ ಕಥೆ. ಅವರಿಗೆ ನಾನು ಏನು ಮಾಡಿದೆ ಅಂತ ಗೊತ್ತಾಗಿದೆ.

ಮಾರನೇ ಬೆಳಿಗ್ಗೆ ಅಕ್ಕ ಬಂದು ಸ್ಟ್ಯಾಂಡ್ ನೋಡಿದರು.

"ಯಾರು ತೊಳೆದದ್ದು?"

"ನಾನೇ ಅಕ್ಕ."

"ಪೂರ್ತಿ ಕ್ರಮದಲ್ಲಿ?"

"ಪೂರ್ತಿ ಕ್ರಮದಲ್ಲೇ. ನಿಮ್ಮ ಕೈಲಿ ಬೈಸಿಕೊಳ್ಳೋಕೆ ನನಗೇನು ಹುಚ್ಚಾ?"

"ಪರವಾಗಿಲ್ಲ ಕಣೋ. ಕಲ್ತಿದ್ದೀಯ" ಅಂದರು.

ಅಕ್ಕ ಯಾವತ್ತೂ ತೊಳೆದ ತಟ್ಟೆಯಲ್ಲಿ ಮೊದಲು ಬರೀ ನೀರು ಹಾಕಿ ಅಳೆದು ನೋಡುತ್ತಿದ್ದರು. ಬರೀ ನೀರು ಎಪ್ಪತ್ತೆರಡು ತೋರಿಸಿದರೆ ಮಾತ್ರ ತಟ್ಟೆ ಶುದ್ಧ ಅಂತ ಒಪ್ಪುತ್ತಿದ್ದರು. ಆ ಒಂದು ದಿನ ನೋಡಲಿಲ್ಲ. ನಾನು ತೊಳೆದೆ ಅಂದೆನಲ್ಲ, ನಂಬಿದರು. ಪುಡಿ ಕಲಸಿದ ನೀರನ್ನು ನೇರವಾಗಿ ಹಾಕಿದರು.

ಬೆಳಿಗ್ಗೆ ಅರವತ್ತೈದು. ಆಮೇಲೆ ಅರವತ್ತನಾಲ್ಕು. ಮಧ್ಯಾಹ್ನದ ಹೊತ್ತಿಗೆ ಅರವತ್ತೆರಡು. ಅಕ್ಕ ನನ್ನನ್ನು ಕರೆದರು. "ನೋಡು, ಇಳೀತಾ ಇದೆ. ಹೋದ ಸಲ ನಾವು ಸಾಕಷ್ಟು ಕಾಯಲಿಲ್ಲ ಅನ್ಸುತ್ತೆ. ಇದು ಅರವತ್ತರ ಕೆಳಗೆ ಹೋಗುತ್ತೆ" ಅಂದರು. ಮುಖದಲ್ಲಿ ಅಷ್ಟು ಖುಷಿ. ಕಳ್ಳ ಸಿಕ್ಕಿಬಿದ್ದ ಅನ್ನುವ ಖುಷಿ.

ನಾನು ಒಪ್ಪಲಿಲ್ಲ. ಹೋದ ಸಲ ಗಟ್ಟಿಯಾಗಿ ನಿಂತ ಅಂಕಿ ಈ ಸಲ ಹೇಗೆ ಇಳಿಯುತ್ತೆ, ಅದು ಸಾಧ್ಯವಿಲ್ಲ ಅಂದೆ. ವಾದ ಚಹಾ ಕೋಣೆಯವರೆಗೂ ಹೋಯಿತು. ಇಲ್ಲಿ ಕೂತಿರುವ ಎಷ್ಟೋ ಜನ ಅಲ್ಲಿದ್ದಿರಿ, ಲೋಟ ಹಿಡಿದುಕೊಂಡು. ನಾನು ಅದೇ ಸಿಂಕಿಗೆ ಒರಗಿಕೊಂಡು ನಿಂತಿದ್ದೆ. ಅಕ್ಕ ಒಂದು ಮಾತು ಕೇಳಿದರು. ಜಗಳದ ದನಿಯಲ್ಲೂ ಅಲ್ಲ, ಸುಮ್ಮನೆ ಕೇಳಿದರು — "ತಟ್ಟೆ ಸರಿಯಾಗೇ ತೊಳೆದಿದ್ದೆ ತಾನೇ?"

ಆ ಕ್ಷಣ ನನಗೆ ಹಸಿರು ಸೋಪು ನೆನಪಾಗಲಿಲ್ಲ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜ ಅಲ್ಲ. ನೆನಪಾಗದ ಹಾಗೆ ನೋಡಿಕೊಂಡೆ. ನೆನಪಾಗಿಬಿಟ್ಟರೆ ಅಷ್ಟು ಜನರ ಮುಂದೆ ಒಪ್ಪಿಕೊಳ್ಳಬೇಕಲ್ಲ. ಅದಕ್ಕೆ ಏನಂದೆ? "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದೆ. ಒಂದಿಬ್ಬರು ನಕ್ಕರು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾಲಿಗೆಗೆ ಎಲುಬಿಲ್ಲ. "ತಟ್ಟೆ ಸರಿಯಾಗೇ ಇದೆ ಅಕ್ಕ, ನಿಮ್ಮ ಕೈ ನಡುಗ್ತಾ ಇದೆ. ಅದಕ್ಕೇ ಅಂಕಿ ನಿಲ್ತಾ ಇಲ್ಲ" ಅಂದೆ.

ಅವರ ಬೆರಳು ಬಿಗಿಯುತ್ತೆ ಅಂತ ಅಲ್ಲಿದ್ದವರಲ್ಲಿ ಗೊತ್ತಿದ್ದವನು ನಾನೊಬ್ಬನೇ. ಕನಿಕರ ಪಟ್ಟವನೂ ನಾನೇ. ಅದನ್ನೇ ತೆಗೆದು ಎಲ್ಲರ ಮುಂದೆ ಅವರ ಮುಖಕ್ಕೆ ಎಸೆದೆ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ನನ್ನ ಪುಣ್ಯ. ಲೋಟ ತೊಳೆದಿಟ್ಟರು, ಕೋಣೆಗೆ ಹೋದರು. ತಟ್ಟೆಯ ಮೇಲೆ ಗಾಜಿನ ಮುಚ್ಚಳ ಇಟ್ಟು, "ಇರ್ಲಿ ಇದು ಹೀಗೇ. ನಾಳೆ ಬೆಳಿಗ್ಗೆ ಅಳೆದು ನೋಡೋಣ" ಅಂದರು. ಚೀಲ ತೆಗೆದುಕೊಂಡು ಹೊರಟರು. ನಾನು ತಲೆ ಎತ್ತಿ ಹೋಗಿ ಬನ್ನಿ ಅಂತಲೂ ಹೇಳಲಿಲ್ಲ. ನಾಳೆ ರಾಜಿ ಮಾಡಿಕೊಂಡರಾಯಿತು, ಬಿಸ್ಕತ್ತು ತಂದು ಕೊಟ್ಟರಾಯಿತು ಅಂದುಕೊಂಡೆ.

ಮಾರನೇ ಬೆಳಿಗ್ಗೆ ಅವರು ಏಳಲಿಲ್ಲ. ಅದು ನಿಮಗೆಲ್ಲ ಗೊತ್ತು.

— ಸ್ವಲ್ಪ ನೀರು ಕೊಡ್ತೀರಾ. ಹಾಂ. ಸಾಕು.

ಸುದ್ದಿ ಬಂದ ತಕ್ಷಣ ಪ್ರಯೋಗಾಲಯಕ್ಕೆ ಹೋಗದೆ ನೇರ ಅಕ್ಕನ ಮನೆಗೆ ಹೋದೆ. ಮನೆ ತುಂಬ ಜನ. ಭಾವ ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ ಕೈಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು. ಬಟ್ಟೆ ಒಣಹಾಕುವ ಹಿತ್ತಲಿನ ಬಾಗಿಲ ಹತ್ತಿರ. ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ. "ಅದೇನೋ ತಟ್ಟೆ ಮುಚ್ಚಿಟ್ಟು ಬಂದಿದ್ದಾಳಂತೆ. ಬೆಳಿಗ್ಗೆ ನೋಡ್ತೀನಿ ಅಂತಿದ್ಲು. ಏನು ಬಂತು?" ಅಂತ ಕೇಳಿದರು.

ಹೆಂಡತಿ ಒಳಗೆ ಮಲಗಿದ್ದಾರೆ, ಗಂಡ ತಟ್ಟೆ ಕೇಳುತ್ತಿದ್ದಾರೆ. ಯಾಕೆ ಅಂತ ನನಗೆ ಹೊಳೆಯಲಿಲ್ಲ, ನಾನು ಕೇಳಲೂ ಇಲ್ಲ. ನಾನು ತಟ್ಟೆಯ ಹತ್ತಿರ ಹೋಗಿಯೇ ಇರಲಿಲ್ಲ. ಆದರೂ ಬಾಯಿಂದ ಬಂದೇ ಬಂತು — "ಅಕ್ಕ ಹೇಳಿದ್ದೇ ಸರಿ ಆಯ್ತು ಭಾವ. ಐವತ್ತೆಂಟು ಬಂತು."

ಎಲ್ಲಿಂದ ಬಂತು ಐವತ್ತೆಂಟು? ಎಲ್ಲಿಂದಲೂ ಇಲ್ಲ. ಅರವತ್ತರ ಕೆಳಗೆ ಒಂದು ಅಂಕಿ ಬೇಕಿತ್ತು, ಹೇಳಿದೆ. ಅರ್ಧ ಅಂಕಿ ತಪ್ಪಿದರೂ ಇಡೀ ದಿನದ ಕೆಲಸ ಚೆಲ್ಲಿ ಮತ್ತೆ ಶುರುಮಾಡುತ್ತಿದ್ದ ಹೆಂಗಸು. ಅಂಥವರ ಹೆಸರಿಗೆ, ಅವರು ಇನ್ನೂ ಮನೆಯಲ್ಲೇ ಇರುವಾಗ, ಹಿತ್ತಲಲ್ಲಿ ನಿಂತು ಒಂದು ಸುಳ್ಳು ಅಂಕಿ ಕಟ್ಟಿದೆ. ಭಾವ "ಐವತ್ತೆಂಟು" ಅಂತ ಎರಡು ಸಲ ಅಂದುಕೊಂಡರು. ಅವರ ಹೆಗಲು ಸ್ವಲ್ಪ ಇಳಿದ ಹಾಗಾಯಿತು. ಆಮೇಲೇ ಅವರು ಅತ್ತದ್ದು.

ನಿಮ್ಮೆಲ್ಲರ ಕೈಯಲ್ಲಿ ಒಂದು ಕಾರ್ಡು ಇದೆ. ಬಾಗಿಲಲ್ಲಿ ಮಗಳು ಕೊಟ್ಟದ್ದು. ಅಕ್ಕನ ಫೋಟೋ ಕೆಳಗೆ ನೋಡಿ. "ಕೊನೆಯ ದಿನದವರೆಗೂ ಕೆಲಸ ಮಾಡಿದ ಅಮ್ಮ. ಕೊನೆಯ ಅಳತೆ: ಐವತ್ತೆಂಟು." ಅದು ನಾನು ಹೇಳಿದ್ದು. ನಿಮ್ಮ ಕೈಯಲ್ಲಿರುವುದು ನನ್ನ ಸುಳ್ಳು.

ಇನ್ನೂ ಇದೆ, ಕೂತ್ಕೊಳ್ಳಿ. ಕೂತ್ಕೊಳ್ಳಿ ಸಾರ್, ನಾನು ಮುಗಿಸುತ್ತೇನೆ.

ಮಾರನೇ ದಿನ ಕೋಣೆಗೆ ಹೋಗಿ ಅಕ್ಕನ ತಟ್ಟೆಯ ಮುಚ್ಚಳ ತೆಗೆದು ಅಳೆದೆ. ಐವತ್ತೇಳೂವರೆ. ನಂಬಿ, ನನಗೆ ಕುಣಿಯುವಷ್ಟು ಸಮಾಧಾನ ಆಯಿತು. ಅಕ್ಕ ಹೇಳಿದ್ದೇ ಸರಿ, ನನ್ನ ಸುಳ್ಳೂ ಸುಳ್ಳಲ್ಲ. ಬಚಾವಾದೆ ಅಂದುಕೊಂಡೆ. ಅಕ್ಕ ಹೋದ ದುಃಖದ ನಡುವೆ ನಾನು ನನ್ನ ಬಚಾವಿನ ಲೆಕ್ಕ ಹಾಕುತ್ತಿದ್ದೆ. ಅದಕ್ಕೂ ನಾಚಿಕೆ ಆಗುತ್ತದೆ.

ಆದರೆ ವರದಿಗೆ ಇನ್ನೊಂದು ಅಳತೆ ಬೇಕಿತ್ತು. ಮುಖ್ಯಸ್ಥರು ಬಾಗಿಲಲ್ಲಿ ತಲೆ ಹಾಕಿ ಕೇಳಿದರು, ಏನು ಕೇಳಿದರು ಅಂತ ಹೇಳಬೇಕಾಗಿಲ್ಲ. ಬೀರುವಿನಿಂದ ಬೇರೆ ತಟ್ಟೆ ತೆಗೆದೆ. ಈ ಸಲ ಪೂರ್ತಿ ಕ್ರಮದಲ್ಲಿ ತೊಳೆದೆ, ಆಕೆ ಇಲ್ಲದ ಕೋಣೆಯಲ್ಲಿ ತಪ್ಪು ಮಾಡಲು ಧೈರ್ಯ ಬರಲಿಲ್ಲ. ಪುಡಿ ಕಲಸಿದೆ. ಅರವತ್ತಾರು. ಕಾದೆ. ಅರವತ್ತಾರು. ಸಂಜೆಯವರೆಗೂ ಅರವತ್ತಾರೇ. ಅಂದರೆ ಆ ಪುಡಿ ಸೋಪಿನ ದಾಯಾದಿ ಅಲ್ಲ. ಪುಡಿಯ ವಿಷಯದಲ್ಲಿ ಅಕ್ಕ ತಪ್ಪಿದ್ದರು, ನಾನು ಸರಿ ಇದ್ದೆ. ಸರಿಯಾಗಿರುವುದರಲ್ಲಿ ಇಷ್ಟು ನಾಚಿಕೆ ಇರುತ್ತೆ ಅಂತ ನನಗೆ ಗೊತ್ತಿರಲಿಲ್ಲ.

ಹಾಗಾದರೆ ಅಕ್ಕನ ತಟ್ಟೆಯಲ್ಲಿ ಮಾತ್ರ ಇಳಿದದ್ದೇಕೆ? ಉಂಗುರ ನೋಡಿದೆ, ತಕ್ಕಡಿ ನೋಡಿದೆ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಎಲ್ಲ ನೋಡಿದೆ. ಕೊನೆಗೆ ಅವತ್ತು ನಾನು ತೊಳೆದ ತಟ್ಟೆಗಳಲ್ಲಿ ಬಳಸದೆ ಉಳಿದದ್ದೊಂದು ಸ್ಟ್ಯಾಂಡಿನಲ್ಲೇ ಇತ್ತು. ಅದರಲ್ಲಿ ಪುಡಿ ಇಲ್ಲದ ಬರೀ ನೀರು ಹಾಕಿದೆ. ಎಪ್ಪತ್ತೆರಡು ಬರಬೇಕು. ಮೊದಲು ಎಪ್ಪತ್ತು ಬಂತು. ಆಮೇಲೆ ಅರವತ್ತೇಳು. ಆಮೇಲೆ ಅರವತ್ತಮೂರು. ಬರೀ ನೀರು, ಸ್ವಾಮಿ. ನನ್ನ ಕಣ್ಣ ಮುಂದೆಯೇ ಇಳಿಯುತ್ತಾ ಹೋಯಿತು. ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಆಗ ನೆನಪು ಮಾಡಿಕೊಳ್ಳದೆ ಬೇರೆ ದಾರಿ ಇರಲಿಲ್ಲ.

ಇದು ಮೊನ್ನೆ ಆದದ್ದು. ನಿನ್ನೆ ಭಾವನ ಅಂಗಡಿಯವರೆಗೂ ಹೋದೆ. ಎದುರು ಫುಟ್‌ಪಾತಿನಲ್ಲಿ ನಿಂತು ನೋಡಿದೆ. ಅವರು ಯಾರಿಗೋ ಕೀಲಿ ಉಜ್ಜಿ ಕೊಡುತ್ತಿದ್ದರು. ಗಲ್ಲಾಪೆಟ್ಟಿಗೆಯ ಮೇಲೆ ಈ ಕಾರ್ಡುಗಳ ಕಟ್ಟು ಇತ್ತು, ಬಂದ ಗಿರಾಕಿಗೂ ಒಂದು ಕೊಟ್ಟು, ಬೆರಳಿಟ್ಟು ಏನೋ ತೋರಿಸಿದರು. ರಸ್ತೆ ದಾಟಲಿಲ್ಲ. ವಾಪಸ್ ಬಂದುಬಿಟ್ಟೆ. ಭಾವ, ಇದನ್ನು ನಿಮಗೆ ಮನೆಯಲ್ಲಿ ಹೇಳಬೇಕಿತ್ತು ಅಂತ ನೀವು ಅಂದುಕೊಂಡರೆ ಅದು ನ್ಯಾಯ. ಆದರೆ ಅಕ್ಕನಿಗೆ ನಾನು ಆ ಮಾತು ಆಡಿದ್ದು ಹತ್ತು ಜನರ ಮುಂದೆ. ಅದನ್ನು ಮೂಲೆಯಲ್ಲಿ ನಿಂತು ವಾಪಸ್ ತೆಗೆದುಕೊಂಡರೆ ಸರಿಹೋಗುವುದಿಲ್ಲ. ಆ ಹತ್ತು ಜನ ಇಲ್ಲೇ ಕೂತಿದ್ದಾರೆ. ಅವರ ಮುಂದೆ ಹೇಳುತ್ತಿದ್ದೇನೆ. ಅಂಕಿ ಇಳಿಸಿದ್ದು ಅಕ್ಕನ ಕೈ ಅಲ್ಲ. ನಾನು ಉಜ್ಜಿದ ಸೋಪು. ಕಾರ್ಡಿನಲ್ಲಿರುವ ಐವತ್ತೆಂಟು ಅಳತೆಯಲ್ಲ, ನಾನು ಹೇಳಿದ ಸುಳ್ಳು. ಅದನ್ನು ಹೊಡೆದುಹಾಕಬೇಕು. ಇಷ್ಟು ದಿನ ಅದನ್ನು ಹಿಡಿದುಕೊಂಡು ಸಮಾಧಾನ ಪಟ್ಟ ನಿಮ್ಮ ಹತ್ತಿರ, ಮಗಳ ಹತ್ತಿರ ನಾನು ಯಾವ ಮುಖ ಇಟ್ಟುಕೊಂಡು ಕ್ಷಮೆ ಕೇಳಲಿ? ಕೇಳುತ್ತಿದ್ದೇನೆ. ಹೊಟ್ಟೆಗೆ ಹಾಕಿಕೊಳ್ಳಿ ಅನ್ನುವುದಿಲ್ಲ. ಹಾಕಿಕೊಳ್ಳುವಂಥದ್ದಲ್ಲ ಇದು.

— ಏನಂದ್ರಿ ಭಾವ?

ಮೈಕ್ ಕೊಡಿ ಅವರಿಗೆ. ಬೇಡವಂತೆ. ಹೇಳಿ ಭಾವ, ಕೇಳಿಸುತ್ತಿದೆ.

— ಹಾಂ.

— ಹಾಂ.

ಹಿಂದೆ ಇರುವವರಿಗೆ ಕೇಳಿಸಲಿಲ್ಲ. ಭಾವ ಹೇಳುತ್ತಿದ್ದಾರೆ, ನೀನೇ ಹೇಳು ಅವರಿಗೆ ಅಂತ. ಸರಿ. ಹೇಳುತ್ತೇನೆ.

ಆ ದಿನ ಸಂಜೆ ಅಕ್ಕ ನೇರ ಮನೆಗೆ ಹೋಗಲಿಲ್ಲವಂತೆ. ಅಂಗಡಿಗೆ ಹೋದರಂತೆ. ಭಾವ ಬೀಗ ಬಿಚ್ಚಿಕೊಂಡು ಕೂತಿದ್ದಾಗ, ಆ ಸಣ್ಣ ದೀಪದ ಕೆಳಗೆ ಎರಡೂ ಕೈ ಚಾಚಿ ಹಿಡಿದರಂತೆ. "ನೋಡಿ, ನಡುಗ್ತಾ ಇದೆಯಾ?" ಅಂದರಂತೆ. ಭಾವ ಕನ್ನಡಕ ಹಾಕಿಕೊಂಡು ನೋಡಿದರು. ಕೈಯ ವಿಷಯ ಅವರಿಗೂ ಗೊತ್ತು, ಕೂದಲೆಳೆಯ ಕೆಲಸ ಅವರದ್ದೂ. "ಇಲ್ಲ ಕಣೇ" ಅಂದರು. "ನೀವು ಗಂಡ, ನೀವು ಹಾಗೇ ಹೇಳ್ತೀರಿ" ಅಂದರಂತೆ ಅಕ್ಕ. ಊಟ ಮಾಡುವಾಗಲೂ ಕೈ ನೋಡಿಕೊಳ್ಳುತ್ತಿದ್ದರಂತೆ. "ಪುಡೀನೋ ಕೈಯೋ, ನಾಳೆ ತಟ್ಟೆ ಹೇಳುತ್ತೆ. ಕೈ ಅಂತಾದ್ರೆ ಕೆಲಸ ಬಿಟ್ಟುಬಿಡ್ತೀನಿ" ಅಂತ ಹೇಳಿ ಮಲಗಿದರಂತೆ.

ಅದಕ್ಕೇ ಭಾವ ಅವತ್ತು ನನ್ನನ್ನು ತಟ್ಟೆಯ ಬಗ್ಗೆ ಕೇಳಿದ್ದು.

ಈಗ ಕೇಳುತ್ತಿದ್ದಾರೆ — "ಐವತ್ತೆಂಟು ಹೋಗ್ಲಿ. ಹಾಗಾದ್ರೆ ಅವಳ ಕೈ ಸರಿ ಇತ್ತಾ?"

ಸರಿ ಇತ್ತು ಭಾವ. ಇದು ನಿಮಗೆ ಸಮಾಧಾನ ಆಗಲಿ ಅಂತ ಹೇಳುತ್ತಿಲ್ಲ. ಸಮಾಧಾನಕ್ಕೆ ಹೇಳಿದ್ದು ಏನಾಯಿತು ಅಂತ ನೋಡಿದ್ದೀರಿ. ನಡುಗುವ ಕೈ ಅಳೆದರೆ ಅಂಕಿ ಒಂದು ಸಲ ಮೇಲೆ, ಒಂದು ಸಲ ಕೆಳಗೆ ಬರುತ್ತದೆ. ಅಕ್ಕನದು ಹಾಗೆ ಬಂದಿರಲಿಲ್ಲ, ಒಂದು ಸಲವೂ ಮೇಲೆ ಹೋಗದೆ ಒಂದೇ ಸಮ ಇಳಿದಿತ್ತು. ನಾನು ತೊಳೆದ ಆ ಇನ್ನೊಂದು ತಟ್ಟೆಯಲ್ಲಿ ನಾನು ಅಳೆದಾಗಲೂ ಹಾಗೇ ಇಳಿಯಿತು. ತಟ್ಟೆಯಲ್ಲಿ ನಿಜವಾಗಿಯೂ ಏನು ಆಗುತ್ತಿತ್ತೋ ಅದನ್ನೇ ಅವರು ಅಳೆದರು. ನನ್ನ ಸೋಪನ್ನು ಅಷ್ಟು ಸರಿಯಾಗಿ ಅಳೆದರು. ಈ ಕಟ್ಟಡದಲ್ಲಿ ಅವತ್ತು ಸರಿ ಇದ್ದ ಕೈ ಅದೊಂದೇ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಭಾವ, ನೀವು ಕೂತಿರಿ, ಪರವಾಗಿಲ್ಲ — ಇಲ್ಲ, ಅವರೂ ಎದ್ದರು. ಸ್ವಲ್ಪ ಹೊತ್ತು ಯಾರೂ ಮಾತಾಡುವುದು ಬೇಡ. ನೀವೆಲ್ಲ ಅಕ್ಕನನ್ನು ನೆನೆಸಿಕೊಳ್ಳಿ. ನಾನು ಅವರು ಆ ಸಂಜೆ ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ, ಹೇಳಬೇಕಾದವನು ನಾನಾಗಿದ್ದೆ.

ನಡುಗಲಿಲ್ಲ ಅಕ್ಕ. ನಿಮ್ಮ ಕೈ ನಡುಗಲಿಲ್ಲ.